ಗಣಕದ ಅಟ್ಟ

ಹೌರಾದ ಬೇಲೂರಿನಿಂದ (ಚೆನ್ನಕೇಶವನ ಬೇಲೂರಲ್ಲ, ರಾಮಕೃಷ್ಣ ಮಠದ ಬೇಲೂರು) ದೋಣಿಯಲ್ಲಿ ಹೂಗ್ಲಿ ದಾಟಿದರೆ ಎದುರು ದಡವೇ ಬಾರಾನಗರ. ಮಹಾಲನೋಬಿಸರು ಕಟ್ಟಿ ಬೆಳೆಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಇರುವುದು ಅಲ್ಲಿ. ಇಂಗ್ಲೆಂಡಿನಿಂದ ತರಿಸಿ, 1956ರ ವೇಳೆಗೆ ಅಲ್ಲಿ ಕೆಲಸಕ್ಕಿಳಿಸಿದ ಎಚ್‌ಇಸಿ-2ಎಂ ಯಂತ್ರವನ್ನು ಭಾರತದ ಮೊದಲ ಡಿಜಿಟಲ್ ಗಣಕವೆಂದು ಎಣಿಸುವುದು ವಾಡಿಕೆ. ಅದರ ಸ್ಮೃತಿಯೆಂದರೆ ಸುತ್ತುತ್ತಿರುವ ಒಂದು ಕಾಂತೀಯ ಡ್ರಮ್. ಗಣಕವು ಒಮ್ಮೆಗೆ ಎತ್ತಿಕೊಳ್ಳುವ ಅಂಕಿಗಳ ಕಂತೆಗೆ ‘ಪದ’ವೆಂದು ಹೆಸರು; ಆ ಡ್ರಮ್ಮಿನಲ್ಲಿ ಹಿಡಿಸುತ್ತಿದ್ದುದು 1024 ಪದಗಳು ಮಾತ್ರ. ಇಂದಿನ ಮನೆಗಣಕಗಳು ಸ್ಮೃತಿಯನ್ನು ಸಾಮಾನ್ಯವಾಗಿ 4096 ಬೈಟ್‌ಗಳ ‘ಪುಟ’ಗಳಾಗಿ ಪಾಲು ಮಾಡುತ್ತವೆ. ಅಂಥ ಒಂದೆರಡು ಪುಟಗಳಲ್ಲಿ ಬಾರಾನಗರದ ಡ್ರಮ್ಮಿನ ಸರ್ವಸ್ವವೂ ಅಡಗಿಹೋದೀತು.

ಡ್ರಮ್ ಯಂತ್ರಗಳ ಕಾಲದಲ್ಲಿ ಯಾವ ಆದೇಶ ಎಲ್ಲಿ ಕೂರಬೇಕೆಂಬುದು ಪ್ರೋಗ್ರಾಂ ಬರೆಯುವವನ ತಲೆನೋವಾಗಿತ್ತು. ಆ ಹೊಣೆಯನ್ನು ಯಂತ್ರಕ್ಕೇ ವಹಿಸಿದ್ದು ಮ್ಯಾಂಚೆಸ್ಟರಿನ ಟಾಮ್ ಕಿಲ್ಬರ್ನ್ ಮತ್ತು ಸಂಗಡಿಗರು. 1962ರಲ್ಲಿ ಉದ್ಘಾಟನೆಗೊಂಡ ಅವರ ‘ಅಟ್ಲಾಸ್’ ಗಣಕದಲ್ಲಿ ವೇಗದ ಕೋರ್ ಸ್ಮೃತಿ 16,384 ಪದಗಳು. ಅದರ ಬೆನ್ನಿಗಿದ್ದ ಡ್ರಮ್ಮುಗಳಲ್ಲಿ 98,304. ಬಳಸುವವನಿಗೆ ಎರಡೂ ಸೇರಿ ಒಂದೇ ಎಂಬಂತೆ ಕಾಣುತ್ತಿತ್ತು. ಬೇಕಾದ ಪುಟ ಕೈಗೆ ಸಿಗದಾಗ ಯಂತ್ರವೇ ಡ್ರಮ್ಮಿನಿಂದ ಇಳಿಸಿಕೊಂಡು, ಬೇಡವಾದುದನ್ನು ಮೇಲೇರಿಸುತ್ತಿತ್ತು. ನಮ್ಮ ಹಳೆಯ ಮನೆಗಳ ಅಟ್ಟದ ವ್ಯವಹಾರವೇ ಇದು. ವರ್ಚುವಲ್ ಮೆಮೊರಿ ಎಂಬ ಗಂಭೀರ ಹೆಸರಿನ ಹಿಂದೆ ಇರುವುದೂ ಇಷ್ಟೇ.

ಹೌರಾದಲ್ಲಿ ಊರಿಗೆ ಟಿಕೆಟ್ ಕಾಯ್ದಿರಿಸುವ ನಮಗೂ ಇದರ ನಂಟುಂಟು. 1985–86ರಲ್ಲಿ ದೆಹಲಿಯಲ್ಲಿ ಆರಂಭವಾಗಿ ಮುಂದೆ ಕಲ್ಕತ್ತೆಗೂ ಬಂದ ರೈಲ್ವೆಯ ಗಣಕೀಕೃತ ಮುಂಗಡ ಕಾಯ್ದಿರಿಸುವಿಕೆ ನಿಂತಿದ್ದುದು ‘ವ್ಯಾಕ್ಸ್’ ಯಂತ್ರಗಳ ಮೇಲೆ. ಆ ಹೆಸರೇ ‘ವರ್ಚುವಲ್ ಅಡ್ರೆಸ್ ಎಕ್ಸ್‌ಟೆನ್ಶನ್’ ಎಂಬುದರ ಹ್ರಸ್ವರೂಪ.

ಅಟ್ಟದ ಏಣಿ ಮಾತ್ರ ದಶಕಗಳ ಕಾಲ ನಿಧಾನವಾಗಿಯೇ ಉಳಿಯಿತು. ಹಾರ್ಡ್ ಡಿಸ್ಕಿನಿಂದ ಒಂದು ಪುಟ ಬರಲು ಸುಮಾರು 10 ಮಿಲಿಸೆಕೆಂಡು ಬೇಕು. ಪುಟಗಳು ಹತ್ತಿಳಿಯುವುದರಲ್ಲೇ ಗಣಕ ಸುಸ್ತಾಗಿ, ಕೆಲಸ ಸಾಗದಿರುವ ಸ್ಥಿತಿಯನ್ನು ಪೀಟರ್ ಡೆನ್ನಿಂಗ್ 1968ರಲ್ಲೇ ವಿಶ್ಲೇಷಿಸಿದ್ದರು. ಎಸ್‌ಎಸ್‌ಡಿ ಬಂದ ಮೇಲೆ ಆ ಕಾಯುವಿಕೆ ನೂರನೆಯ ಒಂದು ಪಾಲಿಗೋ ಅದಕ್ಕೂ ಕೆಳಗೋ ಇಳಿಯಿತು. ಆದರೆ ಹೊಸದೊಂದು ಭಯ ಹುಟ್ಟಿತು: ಫ್ಲ್ಯಾಶ್ ಕೋಶಗಳು ಬರೆದು ಅಳಿಸಿದಷ್ಟೂ ಸವೆಯುತ್ತವೆ. ಬರೆಯುವುದು ಪುಟದ ಲೆಕ್ಕದಲ್ಲಿ, ಅಳಿಸುವುದು ಅನೇಕ ಪುಟಗಳ ದೊಡ್ಡ ಕಟ್ಟಿನ ಲೆಕ್ಕದಲ್ಲಿ. ಆದ್ದರಿಂದ ‘ಎಸ್‌ಎಸ್‌ಡಿ ಹಾಕಿಸಿದೊಡನೆ ಪೇಜ್ ಫೈಲ್ ಮುಚ್ಚಿಬಿಡಿ’ ಎಂಬ ಉಪದೇಶ ಎಲ್ಲೆಡೆ ಹಬ್ಬಿತು. ನಮ್ಮ ವಠಾರದ ಹಿರಿಯರೊಬ್ಬರು, 4 ಜಿಬಿ ರ‍್ಯಾಮಿನ ಗಣಕದಲ್ಲಿ ಇದನ್ನು ಪಾಲಿಸಿ, ಸ್ಮೃತಿ ಸಾಲದೆ ತಂತ್ರಾಂಶ ಮುಚ್ಚಿಕೊಂಡಾಗ ಅರ್ಧ ಬರೆದಿದ್ದ ಪಿಂಚಣಿ ಅರ್ಜಿಯನ್ನೇ ಕಳೆದುಕೊಂಡರು.

ಆ ಉಪದೇಶಕ್ಕೆ ಉತ್ತರ 2009ರಲ್ಲೇ ಬಂದಿತ್ತು. ವಿಂಡೋಸ್ 7 ರೂಪಿಸಿದ ಎಂಜಿನಿಯರುಗಳು ಅಳೆದು ನೋಡಿದಾಗ, ಪೇಜ್ ಫೈಲ್‌ನಲ್ಲಿ ಬರಹಕ್ಕಿಂತ ಓದು ಸುಮಾರು 40 ಪಟ್ಟು ಹೆಚ್ಚಿತ್ತು. ಎಸ್‌ಎಸ್‌ಡಿಗೆ ಇದಕ್ಕಿಂತ ಒಗ್ಗುವ ಕೆಲಸ ಕಡಿಮೆ ಎಂದೇ ಅವರ ಅಭಿಪ್ರಾಯ. ಸವೆತದ ಲೆಕ್ಕವನ್ನೂ ಹಾಕಬಹುದು. 250 ಜಿಬಿಯ ಸಾಧಾರಣ ಎಸ್‌ಎಸ್‌ಡಿಗೆ ತಯಾರಕರು 150 ಟೆರಾಬೈಟ್ ಬರಹದ ಭರವಸೆ ಕೊಡುವುದುಂಟು. ದಿನಕ್ಕೆ 20 ಜಿಬಿ ಬರೆದರೂ ಅದು ಇಪ್ಪತ್ತು ವರ್ಷ ಬಾಳೀತು; ಅಷ್ಟರಲ್ಲಿ ಗಣಕವೇ ಗುಜರಿ ಸೇರಿರುತ್ತದೆ. ಫೈಲಿನ ಗಾತ್ರವನ್ನು ವ್ಯವಸ್ಥೆಗೇ ಬಿಟ್ಟು, ಡ್ರೈವಿನಲ್ಲಿ ಒಂದಿಷ್ಟು ಜಾಗ ಖಾಲಿ ಉಳಿಸಿಕೊಂಡರೆ ಸಾಕು. ಕೈಯಲ್ಲಿ ಹಣವಿದ್ದರೆ ರ‍್ಯಾಮ್ ಹೆಚ್ಚಿಸುವುದು ಇನ್ನೂ ಲೇಸು.

ಹಾಗೆಂದು ಭಯ ಪೂರ್ಣ ನಿರಾಧಾರವೂ ಅಲ್ಲ. ಅಗ್ಗದ ಫ್ಲ್ಯಾಶ್ ಇರುವ ಮೊಬೈಲುಗಳಲ್ಲಿ ಆಂಡ್ರಾಯ್ಡ್ ಬೇರೆ ದಾರಿ ಹಿಡಿಯುತ್ತದೆ. ‘ಜೆಡ್‌ರ‍್ಯಾಮ್’ ಎಂಬ ಲಿನಕ್ಸ್ ಉಪಾಯದಿಂದ ಅದು ಸದ್ಯಕ್ಕೆ ಬೇಡದ ಪುಟಗಳನ್ನು ಒತ್ತಿ ಮಡಿಸಿ ರ‍್ಯಾಮಿನೊಳಗೇ ಒಂದು ಮೂಲೆಯಲ್ಲಿ ಇಡುತ್ತದೆ. ಅಟ್ಟ ಹತ್ತುವ ಪ್ರಮೇಯ ಆದಷ್ಟು ತಪ್ಪುತ್ತದೆ.