ಬ್ರೆಡ್ಡಿಗೂ ಒಂದು ಹೆಪ್ಪು

ಪ್ಲೆಸೆಂಟನ್ನಿನ ಕನ್ನಡದ ಮನೆಗಳಲ್ಲಿ ಓವನ್ ಒಳಗೆ ಏನಿರುತ್ತದೆ ಅಂತ ಕೇಳಿದರೆ, ನೀವೆಲ್ಲ ನಗುತ್ತೀರಿ. ಬಾಣಲೆ, ತವ, ಮುಚ್ಚಳಗಳು. ಚಳಿಗಾಲವಾದರೆ, ಓವನ್ನಿನ ದೀಪ ಹಾಕಿ ಬೆಚ್ಚಗೆ ಇಟ್ಟ ದೋಸೆ ಹಿಟ್ಟು. ಆದರೆ ಈಗ ಕೆಲವು ಮನೆಗಳಲ್ಲಿ ಪಾತ್ರೆಗಳನ್ನು ಹೊರಗೆ ತೆಗೆದು, ಆ ಓವನ್ನಿನಲ್ಲಿ ಯೀಸ್ಟ್ ಹಾಕಿ ಉಬ್ಬಿಸಿದ ಬ್ರೆಡ್ಡು ಬೇಯಿಸುತ್ತಿದ್ದಾರೆ. ಬಹುಪಾಲು ಕನ್ನಡ ಕುಟುಂಬಗಳ ಚರಿತ್ರೆಯಲ್ಲಿ ಇದು ತೀರ ಹೊಸ ಕೆಲಸ.

ನಿಮ್ಮ ತಾತ, ಅಜ್ಜಿಯರನ್ನು ಕೇಳಿ ನೋಡಿ. ಅವರ ಬಾಲ್ಯದಲ್ಲಿ ಮನೆಗೆ ಬ್ರೆಡ್ಡು ಬಂತು ಅಂದರೆ ಯಾರಿಗೋ ಜ್ವರ ಬಂದಿದೆ ಅಂತಲೇ ಅರ್ಥ. ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕಾಯಿಲೆಯವರ ಊಟ. ಅದು ಅಂಗಡಿಯಿಂದಲೇ ಬರಬೇಕಿತ್ತು, ಏಕೆಂದರೆ ನಮ್ಮ ಒಲೆಗಳ ಬೆಂಕಿ ಇರುವುದು ಕೆಳಗೆ. ರೊಟ್ಟಿ, ದೋಸೆ, ಹಬೆಯ ಇಡ್ಲಿ, ಎಲ್ಲವೂ ಆ ಒಲೆಗೆ ಹೊಂದಿಕೊಂಡು ಹುಟ್ಟಿದ ತಿಂಡಿಗಳು. ಬ್ರೆಡ್ಡಿಗೆ ನಾಲ್ಕೂ ಕಡೆಯಿಂದ ಶಾಖ ಬೇಕು.

ಇನ್ನೊಂದು ಅಡ್ಡಿ ಮಡಿಯದು. ಗೋವೆಗೆ ಬಂದ ಪೋರ್ಚುಗೀಸರು ಯೀಸ್ಟಿನ ಬದಲು ಕಳ್ಳನ್ನು ಬಳಸಿ ಬ್ರೆಡ್ಡು ಉಬ್ಬಿಸಿದರು. ಮಂಗಳೂರಿನ ಕ್ರೈಸ್ತರ ಸನ್ನಣಗಳಲ್ಲಿ ಆ ಕಳ್ಳಿನ ಪರಿಮಳ ಉಳಿದುಕೊಂಡಿದೆ. ಕಳ್ಳು, ಮೊಟ್ಟೆ ಅಂದರೆ ದೂರ ನಿಲ್ಲುವ ಮನೆಗಳು ಬೇಕರಿಯ ಮೆಟ್ಟಿಲು ಹತ್ತುವುದು ಹೇಗೆ? 19ನೇ ಶತಮಾನದ ಕೊನೆಯಲ್ಲಿ ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬಿ.ಬಿ. ಬೇಕರಿ ಆರಂಭಿಸಿದರು. ಅವರ ಹಿಂದೆ ಹಾಸನದ ಕಡೆಯ ಎಷ್ಟೋ ಅಯ್ಯಂಗಾರ್ ಕುಟುಂಬಗಳು ಇದೇ ವೃತ್ತಿಗೆ ಬಂದವು. ಮೊಟ್ಟೆಯಿಲ್ಲದ ಬನ್ನು, ಬ್ರೆಡ್ಡು, ಅದರ ಜತೆಗೆ ಈರುಳ್ಳಿ, ಹಸಿಮೆಣಸಿನಕಾಯಿಯ ಖಾರ ಬನ್ನು. ಪರದೇಶದ ತಿಂಡಿಗೆ ಕನ್ನಡದ ನಾಲಿಗೆ ಕೊಟ್ಟವರು ಇವರು ಅಂತ ನನ್ನ ಅಭಿಪ್ರಾಯ. ಆದರೂ ಅದು ಬೇಕರಿಯ ಕೆಲಸವಾಗಿತ್ತು, ಮನೆಯದಲ್ಲ.

ಹಾಗಂತ ಹುಳಿ ಬರಿಸುವ ವಿದ್ಯೆ ನಮಗೆ ಹೊಸದಲ್ಲ. 10ನೇ ಶತಮಾನದ 'ವಡ್ಡಾರಾಧನೆ'ಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಸುಮಾರು 1025ರ 'ಲೋಕೋಪಕಾರ'ದಲ್ಲಿ ಚಾವುಂಡರಾಯ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ರುಬ್ಬುವ ಕ್ರಮ ಹೇಳುತ್ತಾನೆ. ಆದರೆ ಇದನ್ನೇ ಇಂದಿನ ಇಡ್ಲಿ ಅಂದುಬಿಡಬೇಡಿ. ಅಕ್ಕಿ ಸೇರಿಸುವುದು, ರಾತ್ರಿಯಿಡೀ ಹುಳಿ ಬರಿಸುವುದು, ಹಬೆಯಲ್ಲಿ ಬೇಯಿಸುವುದು, ಈ ಮೂರೂ ಆ ಹಳೆಯ ಉಲ್ಲೇಖಗಳಲ್ಲಿ ಕಾಣುವುದಿಲ್ಲ ಎಂದು ಆಹಾರ ಚರಿತ್ರಕಾರ ಕೆ.ಟಿ. ಅಚ್ಚಯ ತೋರಿಸಿದ್ದಾರೆ. ನಮ್ಮಲ್ಲಿ ನಿಜಕ್ಕೂ ತಲೆಮಾರಿನಿಂದ ತಲೆಮಾರಿಗೆ ಬಂದದ್ದು ಮೊಸರಿನ ಹೆಪ್ಪು. ನೆನ್ನೆಯದರಲ್ಲಿ ಒಂದು ಚಮಚ ಉಳಿಸಿದರೆ ಇವತ್ತಿನದು; ಮುಗಿದುಹೋದರೆ ಪಕ್ಕದ ಮನೆಗೆ ಬಟ್ಟಲು ಹಿಡಿದು ಹೋಗುವುದು.

ಈಗ ನೀವು ಬೆಳೆದ ಊರಿನ ಕಡೆ ಬರೋಣ. 1849ರಲ್ಲಿ ಚಿನ್ನ ಹುಡುಕುವವರು ಕ್ಯಾಲಿಫೋರ್ನಿಯಾಕ್ಕೆ ನುಗ್ಗಿದಾಗ, ಅವರ ಬ್ರೆಡ್ಡಿಗೂ ಇಂಥದ್ದೇ ಹೆಪ್ಪು ಇತ್ತು: ಹುಳಿ ಬಂದ ಹಿಟ್ಟಿನ ಮುದ್ದೆ, ಅಂದರೆ ಸೋರ್‌ಡೋ. ಫೋರ್ಟಿನೈನರ್ಸ್ ತಂಡದ ಬೊಂಬೆಗೆ ಸೋರ್‌ಡೋ ಸ್ಯಾಮ್ ಅಂತ ಹೆಸರಿರುವುದು ಸುಮ್ಮನೆ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಬುಡೀನ್ ಬೇಕರಿಯೂ ಅದೇ ವರ್ಷದ್ದು. 1906ರ ಭೂಕಂಪದಲ್ಲಿ ಲೂಯಿಸ್ ಬುಡೀನ್ ಆ ಹೆಪ್ಪನ್ನು ಬಕೆಟ್ಟಿನಲ್ಲಿ ಹೊತ್ತು ಉಳಿಸಿದಳು ಎಂದು ಬೇಕರಿಯವರು ಹೇಳುತ್ತಾರೆ.

ಪ್ಲೆಸೆಂಟನ್ನಿಗೂ ಇದರಲ್ಲಿ ಒಂದು ಎಳೆ ಇದೆ. 1890ರ ದಶಕದಲ್ಲಿ ಈ ಊರಿನ ಸುತ್ತ ಹಾಪ್ಸ್ ಬಳ್ಳಿಯ ದೊಡ್ಡ ತೋಟಗಳಿದ್ದವು. ಆ ಬೆಳೆ ಹೋಗುತ್ತಿದ್ದುದು ಬಿಯರ್ ತಯಾರಿಕೆಗೆ, ನಿಜ. ಆದರೆ ಆ ಕಾಲದ ಅಮೆರಿಕದ ಹೆಂಗಸರು ಮನೆಯಲ್ಲಿ ಯೀಸ್ಟ್ ಮಾಡುತ್ತಿದ್ದುದೂ ಹಾಪ್ಸ್ ಹೂವಿನಿಂದಲೇ. ಹೂವನ್ನು ಕುದಿಸಿ, ಆ ಕಷಾಯಕ್ಕೆ ಬೇಯಿಸಿದ ಆಲೂಗಡ್ಡೆ, ಹಿಟ್ಟು ಹಾಕಿ, ಆರಿದ ಮೇಲೆ ಹಿಂದಿನ ಸಲದ್ದು ಒಂದಿಷ್ಟು ಬೆರೆಸಿ ಇಡುವುದು. ಹಾಪ್ಸಿನ ಕಹಿ ಹುಳಿಯ ಬ್ಯಾಕ್ಟೀರಿಯಾಗಳನ್ನು ಹದ್ದಿನಲ್ಲಿಡುತ್ತಿತ್ತು. 1868ರಲ್ಲಿ ಫ್ಲೈಶ್‌ಮನ್ ಸಹೋದರರು ಒತ್ತಿದ ಯೀಸ್ಟ್ ಮಾರಲು ಶುರುಮಾಡಿದ ಮೇಲೆ ಈ ತಾಪತ್ರಯ ಕಡಿಮೆಯಾಯಿತು. ಇವತ್ತು ನಾವು ಕೊಳ್ಳುವ ಒಣ ಯೀಸ್ಟಂತೂ ಎರಡನೆಯ ಮಹಾಯುದ್ಧದಲ್ಲಿ ಸೈನ್ಯಕ್ಕಾಗಿ ತಯಾರಾದದ್ದು, ಫ್ರಿಜ್ ಇಲ್ಲದೆಯೂ ಉಳಿಯಲಿ ಅಂತ.

ಸೋರ್‌ಡೋದ ಹುಳಿಯ ಗುಟ್ಟು ಬಿಡಿಸಿದವರೂ ನಿಮ್ಮದೇ ಅಲಮೀಡಾ ಕೌಂಟಿಯವರು. ಆಲ್ಬನಿಯಲ್ಲಿರುವ ಕೃಷಿ ಇಲಾಖೆಯ ಪ್ರಯೋಗಾಲಯದ ಕ್ಲೈನ್ ಮತ್ತು ಸುಗಿಹಾರ 1971ರಲ್ಲಿ ಆ ಬ್ಯಾಕ್ಟೀರಿಯಾವನ್ನು ಗುರುತಿಸಿ, ಸ್ಯಾನ್ ಫ್ರಾನ್ಸಿಸ್ಕೋ ಹೆಸರನ್ನೇ ಇಟ್ಟರು. ಅದು ಹಿಟ್ಟಿನ ಮಾಲ್ಟೋಸ್ ಸಕ್ಕರೆ ತಿನ್ನುತ್ತದೆ. ಅದರ ಜತೆಗಿರುವ ಯೀಸ್ಟ್ ಮಾಲ್ಟೋಸನ್ನು ಮುಟ್ಟುವುದೇ ಇಲ್ಲ, ಬೇರೆ ಸಕ್ಕರೆ ತಿಂದುಕೊಂಡು ಬ್ಯಾಕ್ಟೀರಿಯಾದ ಹುಳಿಯನ್ನೂ ಸಹಿಸಿಕೊಂಡು ಬಾಳುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುಂದಿನ ಸಂಗತಿ. ಇಲ್ಲಿನ ಮಂಜಿಗೆ, ಇಲ್ಲಿನ ಗಾಳಿಗೆ ಮಾತ್ರ ಒಗ್ಗುವಂಥದ್ದು ಅಂದುಕೊಂಡಿದ್ದ ಆ ಬ್ಯಾಕ್ಟೀರಿಯಾ ಜರ್ಮನಿ, ಇಟಲಿಗಳ ಹುಳಿಹಿಟ್ಟಿನಲ್ಲೂ ಸಿಕ್ಕಿತು. ಅದಕ್ಕೆ ಬೇಕಾದದ್ದು ಇಂಥದೇ ಊರು ಅಂತಲ್ಲ, ಹೊತ್ತುಹೊತ್ತಿಗೆ ಹಿಟ್ಟು, ನೀರು ಕೊಡುವ ಕೈ.

2020ರ ಮಾರ್ಚ್ 17ರಿಂದ ಬೇ ಏರಿಯಾ ಮನೆಯೊಳಗೆ ಕೂತಾಗ ಅಂಗಡಿಗಳಲ್ಲಿ ಯೀಸ್ಟ್ ಖಾಲಿಯಾಯಿತಲ್ಲ, ಆಗ ಎಷ್ಟೋ ಅಡುಗೆಮನೆಗಳಲ್ಲಿ ಈ ಹಳೆಯ ಹೆಪ್ಪು ಮತ್ತೆ ಬಂತು. ದೋಸೆ ಹಿಟ್ಟಿನ ಹದ ಕಂಡ ಅಮ್ಮಂದಿರಿಗೆ ಉಬ್ಬಿದ್ದು ಸಾಕೋ ಇನ್ನೂ ಬೇಕೋ ಅಂತ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾದುವುದು ಮಾತ್ರ ಹೊಸದು: ಚಪಾತಿಗೆ ಐದು ನಿಮಿಷ ಸಾಕು, ಬ್ರೆಡ್ಡಿಗೆ ಹಿಟ್ಟು ಎಳೆದರೂ ಹರಿಯದಷ್ಟು ನಾದಬೇಕು. ಆ ಕೆಲಸವನ್ನು ಮನೆಯವರೆಲ್ಲ ಸರದಿಯಲ್ಲಿ ಮಾಡಬಹುದು, ಅದರಲ್ಲೇ ಅರ್ಧ ಖುಷಿ.

ಮೊದಲ ಸಲ ಮಾಡುವವರಿಗೆ ನಾನು ಹೇಳುವುದು ಖಾರ ಬನ್ನು. ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಸಿಕ್ಕಿದರೆ ಸಬ್ಬಸಿಗೆ. ಈರುಳ್ಳಿ ನೀರು ಬಿಡುತ್ತದೆ, ಆದ್ದರಿಂದ ಹಿಟ್ಟು ಚೆನ್ನಾಗಿ ಉಬ್ಬಿದ ಮೇಲೆಯೇ ಅದನ್ನು ಸೇರಿಸಿ. ಡಿಸೆಂಬರಿನಲ್ಲಿ ಉಬ್ಬಲು ಎರಡರಷ್ಟು ಹೊತ್ತು ಹಿಡಿಯಬಹುದು, ಅವಸರ ಬೇಡ. ಓವನ್ ಬಿಸಿ ಮಾಡುವ ಮುಂಚೆ ಒಳಗೆ ದೋಸೆ ಹಿಟ್ಟು ಇದೆಯೇ ಅಂತ ಒಮ್ಮೆ ಬಾಗಿಲು ತೆಗೆದು ನೋಡಿ.