ಅಡ್ಡ ಬಾರದಿರುವುದು: ಶ್ರೀವೈಷ್ಣವ ಪ್ರಪತ್ತಿವಿಚಾರದ ಒಂದು ಎಳೆ

ಪ್ರಪತ್ತಿ, ಅಂದರೆ ಶರಣಾಗತಿ, ಎಂದೊಡನೆ ಕೋತಿಮರಿ, ಬೆಕ್ಕಿನಮರಿಗಳ ಮಾತು ಬಂದೇ ಬರುತ್ತದೆ. ಕೋತಿಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಂಡಿರಬೇಕು. ಬೆಕ್ಕಿನಮರಿಯನ್ನಾದರೆ ತಾಯಿಯೇ ಕಚ್ಚಿಕೊಂಡು ಹೋಗುತ್ತದೆ. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ ಮೊದಲನೆಯದು ವಡಗಲೆ, ಎರಡನೆಯದು ತೆಂಗಲೆ ಎಂದು ಅಲ್ಲಿಗೇ ವಿಷಯ ಮುಗಿಸುವುದು ವಾಡಿಕೆ. ನೆನಪಿಟ್ಟುಕೊಳ್ಳಲು ಸುಲಭವೇನೋ ಹೌದು. ಆದರೆ 13–14ನೆಯ ಶತಮಾನದ ಆಚಾರ್ಯರು ನಿಜವಾಗಿ ಯಾವುದಕ್ಕೆ ತಲೆ ಕೆಡಿಸಿಕೊಂಡಿದ್ದರು ಎಂಬುದು ಈ ಹೋಲಿಕೆಯಲ್ಲಿ ಮುಚ್ಚಿಹೋಗುತ್ತದೆ. ಭಗವಂತ ತಾನಾಗಿಯೇ ಕಾಯಲು ಬರುವಾಗ ಅಡ್ಡ ಬಾರದೆ ಇರುವುದಿದೆಯಲ್ಲ, ಅದನ್ನು ಜೀವ ಮಾಡಿದ ಕೆಲಸವೆಂದು ಲೆಕ್ಕಕ್ಕೆ ಹಿಡಿಯಬೇಕೇ, ಬಿಡಬೇಕೇ? ಅವರ ಜಗಳವಿದ್ದದ್ದು ಇಲ್ಲಿ.

ಈ ಪ್ರಶ್ನೆಯ ಬೀಜ ಪಾಂಚರಾತ್ರ ಸಂಹಿತೆಗಳಲ್ಲೇ ಇದೆ. ಅಹಿರ್ಬುಧ್ನ್ಯಸಂಹಿತೆ, ಲಕ್ಷ್ಮೀತಂತ್ರಗಳು ಶರಣಾಗತಿಯನ್ನು ಆರು ಬಗೆಯಾಗಿ ಹೇಳುತ್ತವೆ: ಆನುಕೂಲ್ಯಸಂಕಲ್ಪ, ಪ್ರಾತಿಕೂಲ್ಯವರ್ಜನ, ಕಾಯುತ್ತಾನೆಂಬ ವಿಶ್ವಾಸ, ಕಾಯುವವನನ್ನಾಗಿ ಅವನನ್ನೇ ವರಿಸುವುದು, ಆತ್ಮನಿಕ್ಷೇಪ, ಕಾರ್ಪಣ್ಯ. ಎರಡನೆಯದನ್ನು ಗಮನಿಸಬೇಕು. ಅವನ ಇಚ್ಛೆಗೆ ಎದುರು ನಿಲ್ಲುವುದನ್ನು ಬಿಡುವುದು ಆರರಲ್ಲಿ ಒಂದು ಮಾತ್ರ, ಅದೇ ಎಲ್ಲವೂ ಅಲ್ಲ.

ತಮಿಳು ಪಾಶುರಗಳ ಕಡೆಯಿಂದ ನಮ್ಮಾಳ್ವಾರರ ತಿರುವಾಯ್‌ಮೊಳಿ ಇದೆ. ಅದರ ಆರನೆಯ ಪತ್ತಿನ ಕೊನೆಯ ದಶಕವನ್ನು ತಿರುವೇಂಗಡದೊಡೆಯನ ಅಡಿಯಲ್ಲಿ ಮಾಡಿದ ಶರಣಾಗತಿಯೆಂದೇ ಸಂಪ್ರದಾಯ ಓದುತ್ತ ಬಂದಿದೆ. ಯಾಮುನರ ಸ್ತೋತ್ರರತ್ನದಲ್ಲೂ ತನಗೆ ಬೇರೆ ಗತಿಯಿಲ್ಲವೆಂಬ ದೈನ್ಯವೇ ಮುಖ್ಯ. ರಾಮಾನುಜರ ವಿಷಯದಲ್ಲಿ ಮಾತ್ರ ತೊಡಕಿದೆ. ಶ್ರೀಭಾಷ್ಯ, ಗೀತಾಭಾಷ್ಯಗಳಲ್ಲಿ ಒತ್ತು ಭಕ್ತಿಯೋಗದ ಮೇಲೆ. ಶರಣಾಗತಿಗದ್ಯದಲ್ಲಿ ಅದು ಪ್ರಪತ್ತಿಯ ಕಡೆ ವಾಲುತ್ತದೆ. ಈ ಅಂತರವನ್ನು ಹಿಡಿದು ರಾಬರ್ಟ್ ಲೆಸ್ಟರ್ 1966ರಲ್ಲಿ ಗದ್ಯಗಳ ಕರ್ತೃತ್ವವನ್ನು ಪ್ರಶ್ನಿಸಿದರು. 1974ರಲ್ಲಿ ರಾಮಾನುಜರ ಕುರಿತು ಗ್ರಂಥ ಪ್ರಕಟಿಸಿದ ಜಾನ್ ಕಾರ್ಮನ್ ಆ ಸಂಶಯವನ್ನು ಒಪ್ಪಲಿಲ್ಲ. ನಮ್ಮ ಪ್ರಶ್ನೆಗೆ ಆ ತೀರ್ಪು ಅಷ್ಟೇನೂ ಅಗತ್ಯವಿಲ್ಲ. ಸುದರ್ಶನಸೂರಿ, ಪೆರಿಯವಾಚ್ಚಾನ್ ಪಿಳ್ಳೈ, ವೇದಾಂತದೇಶಿಕ ಮೂವರೂ ಶರಣಾಗತಿಗದ್ಯವನ್ನು ರಾಮಾನುಜರದೆಂದೇ ತಿಳಿದು ವ್ಯಾಖ್ಯಾನ ಬರೆದರು. ಮುಂದೆ ಎರಡು ಕಡೆಯವರೂ ಒಂದೇ ಆಧಾರವನ್ನು ಹಿಡಿದು ವಾದಕ್ಕೆ ಇಳಿಯಲು ಇದೇ ಕಾರಣ.

ಪಿಳ್ಳೈ ಲೋಕಾಚಾರ್ಯರ ಶ್ರೀವಚನಭೂಷಣದಲ್ಲಿ ವಾದ ಮೊನಚಾಗುತ್ತದೆ. ಜೀವ ಭಗವಂತನ ಸೊತ್ತು. ಸೊತ್ತನ್ನು ಉಳಿಸಿಕೊಳ್ಳುವ ಚಿಂತೆ ಒಡೆಯನಿಗೆ ಸೇರಿದ್ದು, ಸೊತ್ತಿಗಲ್ಲ. ಆದ್ದರಿಂದ ‘ನಾನು ಶರಣಾದೆ, ಇನ್ನು ನೀನು ಕಾಯಬೇಕು’ ಎಂದು ಶರಣಾಗತಿಯನ್ನೇ ಬೆಲೆಯಾಗಿ ಮುಂದಿಟ್ಟರೆ ಅಹಂಕಾರ ಹಿಂಬಾಗಿಲಿನಿಂದ ಒಳಗೆ ಬಂದಂತೆಯೇ. ಇದಕ್ಕೆ ಅವರು ಕೊಡುವ ನಿದರ್ಶನಗಳು ಬಹಳ ಬಿಗಿಯಾದವು. ರಾವಣನನ್ನು ಸುಟ್ಟುಬಿಡುವ ಶಕ್ತಿಯಿದ್ದೂ ಸೀತೆ ಅದನ್ನು ಬಳಸಲಿಲ್ಲ, ರಾಮನಿಗಾಗಿ ಕಾದಳು. ದ್ರೌಪದಿಗೆ ಬಿಡಲು ಅಂಥ ಶಕ್ತಿ ಇರಲಿಲ್ಲ. ಸಭೆಯ ನಡುವೆ ಅವಳು ಬಿಟ್ಟದ್ದು ನಾಚಿಕೆಯನ್ನು. ತಿರುಕ್ಕಣ್ಣಮಂಗೈ ಆಂಡಾನ್ ಎಂಬ ಭಕ್ತ ತನ್ನನ್ನು ಕಾಪಾಡಿಕೊಳ್ಳುವ ಪ್ರಯತ್ನವನ್ನೇ ಬಿಟ್ಟ.

ಇವೆಲ್ಲಕ್ಕಿಂತ ಗಟ್ಟಿಯಾದದ್ದು ಭರತನ ಉದಾಹರಣೆ. ಭರತನ ಒಳ್ಳೆಯತನವೇ ಅವನಿಗೆ ಕೆಡುಕಾಯಿತು ಎನ್ನುತ್ತಾರೆ ಲೋಕಾಚಾರ್ಯರು. ಚಿತ್ರಕೂಟದ ಪ್ರಸಂಗವನ್ನು ವಾಲ್ಮೀಕಿಯಲ್ಲಿ ತೆರೆದು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಭರತ ತಲೆಬಾಗಿ ಬೇಡುತ್ತಾನೆ, ರಾಮ ಒಪ್ಪುವುದಿಲ್ಲ. ಆಗ ಭರತ ದರ್ಭೆ ಹಾಸು ಎಂದು ಸುಮಂತ್ರನಿಗೆ ಹೇಳುತ್ತಾನೆ. ಸುಮಂತ್ರ ರಾಮನ ಮುಖ ನೋಡುತ್ತ ನಿಂತಾಗ ತಾನೇ ಹಾಸಿ, ಅಣ್ಣ ಮರಳುವವರೆಗೆ ಏಳುವುದಿಲ್ಲವೆಂದು ಎದುರಿಗೆ ಕೂತುಬಿಡುತ್ತಾನೆ. ಶರಣಾಗತಿ ಧರಣಿಯಾಯಿತು. ಕ್ಷತ್ರಿಯನಿಗೆ ಇದು ತಕ್ಕದ್ದಲ್ಲವೆಂದು ರಾಮ ಅವನನ್ನು ಎಬ್ಬಿಸುತ್ತಾನೆ. ಇಲ್ಲಿ ದ್ವೇಷವಿಲ್ಲ, ಸ್ವಾರ್ಥವಿಲ್ಲ. ಪ್ರೀತಿಯೇ ಪ್ರೀತಿಸಿದವನ ಸಂಕಲ್ಪಕ್ಕೆ ಎದುರಾಗಿ ನಿಂತಿದೆ. ಪ್ರಾತಿಕೂಲ್ಯ ನಾಸ್ತಿಕರದ್ದು, ಪಾಪಿಗಳದ್ದು ಎಂದು ನಾವು ಸಲೀಸಾಗಿ ತಿಳಿದಿರುತ್ತೇವೆ. ಅದು ಭಕ್ತಿಯ ವೇಷದಲ್ಲೂ ಬರುತ್ತದೆ ಎಂಬ ಈ ಕಾಣ್ಕೆ ಇಡೀ ಚರ್ಚೆಯಲ್ಲೇ ಅತ್ಯಂತ ಬೆಲೆಯುಳ್ಳದ್ದೆಂದು ನನ್ನ ಅಭಿಪ್ರಾಯ.

ವೇದಾಂತದೇಶಿಕರಿಗೆ ಇಷ್ಟು ಸಾಲಲಿಲ್ಲ. ರಹಸ್ಯತ್ರಯಸಾರದಲ್ಲಿ ಅವರು, ಪ್ರಪತ್ತಿಯೆಂದರೆ ಬರೀ ತಡೆಯದಿರುವುದು ಎಂಬ ಪಕ್ಷವನ್ನು ಹೆಸರಿಸಿಯೇ ತಳ್ಳಿಹಾಕುತ್ತಾರೆ. ಅವರ ಆಕ್ಷೇಪ ನ್ಯಾಯದ ನೆಲೆಯದು. ಯಾವ ನೆಪವೂ ಇಲ್ಲದೆ ಒಬ್ಬನನ್ನು ಎತ್ತಿ ಇನ್ನೊಬ್ಬನನ್ನು ಸಂಸಾರದಲ್ಲೇ ಬಿಟ್ಟರೆ ಭಗವಂತನಿಗೆ ಪಕ್ಷಪಾತದ ದೋಷವೂ ನಿರ್ದಯತೆಯ ದೋಷವೂ ಅಂಟುತ್ತವೆ. ಆದ್ದರಿಂದ ಒಂದು ವ್ಯಾಜ ಬೇಕು. ಆ ವ್ಯಾಜವೇ ಜೀವ ಒಮ್ಮೆ ಮಾಡುವ ಭರನ್ಯಾಸ, ಎಂದರೆ ತನ್ನನ್ನು ಕಾಯುವ ಭಾರವನ್ನು ಅವನಿಗೆ ಒಪ್ಪಿಸುವುದು. ಮೋಕ್ಷಕ್ಕೆ ಸಿದ್ಧೋಪಾಯ ಭಗವಂತನೇ ಎಂಬುದನ್ನು ದೇಶಿಕರೂ ಒತ್ತಿ ಹೇಳುತ್ತಾರೆ ಎಂಬುದನ್ನು ಮರೆತವರು ಮಾತ್ರ ಅವರನ್ನು ಕೋತಿಮರಿಯ ಪಕ್ಷಕ್ಕೆ ಸೇರಿಸಬಲ್ಲರು.

ಈ ಇಬ್ಬರ ಕೊನೆಗಾಲವೂ ಶಾಂತವಾಗಿರಲಿಲ್ಲ. 1323ರ ಸುಮಾರಿಗೆ ದೆಹಲಿಯ ಸೇನೆ ಶ್ರೀರಂಗದ ಮೇಲೆ ಬಿದ್ದಾಗ ಲೋಕಾಚಾರ್ಯರು ಉತ್ಸವಮೂರ್ತಿಯೊಡನೆ ಹೊರಟು ದಾರಿಯಲ್ಲೇ ತೀರಿಕೊಂಡರೆಂದೂ, ದೇಶಿಕರು ಕನ್ನಡನಾಡಿಗೆ ಬಂದು ಮೇಲುಕೋಟೆಯಲ್ಲೂ ಕೊಳ್ಳೇಗಾಲದ ಬಳಿಯ ಸತ್ಯಗಾಲದಲ್ಲೂ ಇದ್ದರೆಂದೂ ಗುರುಪರಂಪರೆ ಹೇಳುತ್ತದೆ. ಮೂರ್ತಿ ಶ್ರೀರಂಗಕ್ಕೆ ಮರಳಿದ್ದು 1371ರಲ್ಲಿ.

ಇಬ್ಬರ ನಡುವಿನ ಭೇದ ಎರಡು ಕಲೆಗಳ ಭೇದವಾಗಿ ಗಟ್ಟಿಯಾದದ್ದು ಆಮೇಲೆ. ಮಣವಾಳ ಮಾಮುನಿಗಳು ಶ್ರೀವಚನಭೂಷಣಕ್ಕೆ ಬರೆದ ವ್ಯಾಖ್ಯಾನ ಒಂದು ಕಡೆಗೆ, ದೇಶಿಕರ ಶಿಷ್ಯಪರಂಪರೆಯ ಪರಕಾಲ ಮಠದಂಥ ಸಂಸ್ಥೆಗಳು ಇನ್ನೊಂದು ಕಡೆಗೆ ಆಸರೆಯಾದವು. ಎರಡು ಕಲೆಗಳ ನಡುವಿನ ಹದಿನೆಂಟು ಭೇದಗಳ ಪಟ್ಟಿಯನ್ನು ಇಂಗ್ಲಿಷ್ ಓದುಗರಿಗೆ 1910ರಲ್ಲಿ ಪರಿಚಯಿಸಿದವರು ಮೈಸೂರಿನ ಆಳ್ಕೊಂಡವಿಲ್ಲಿ ಗೋವಿಂದಾಚಾರ್ಯರು. ಕಂಚಿಯ ವರದರಾಜ, ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ದೇವಾಲಯಗಳ ವ್ಯಾಜ್ಯಗಳು ಕೋರ್ಟಿನ ಮೆಟ್ಟಿಲೇರಿದಾಗ ವಾದ ನಡೆದದ್ದು ಯಾವ ನಾಮ, ಗೋಷ್ಠಿಯಲ್ಲಿ ಯಾರ ತನಿಯನ್ (ಸ್ತುತಿಶ್ಲೋಕ) ಮೊದಲು ಎಂಬುದರ ಮೇಲೆ. ತಡೆಯದಿರುವುದು ಕೆಲಸವೋ ಅಲ್ಲವೋ ಎಂಬುದು ಯಾವ ನ್ಯಾಯಾಧೀಶರ ಮುಂದೆಯೂ ಬರುವ ಪ್ರಶ್ನೆಯಾಗಿರಲಿಲ್ಲ.

ಕನ್ನಡದಲ್ಲಿ ಈ ವಿಚಾರಕ್ಕೆ ಸಂಬಂಧಿಸಿದ ಸಾಮಗ್ರಿ ಕಡಿಮೆಯೇನಲ್ಲ. ಯದುಗಿರಿಯ (ಮೇಲುಕೋಟೆಯ) ನಾರಾಯಣನಿಗೆ ಮೈಸೂರಿನ ಅರಸ ಚಿಕದೇವರಾಜ ಸಲ್ಲಿಸುವ ಅರಿಕೆಗಳ ರೂಪದಲ್ಲಿರುವ ‘ಚಿಕದೇವರಾಜ ಬಿನ್ನಪ’ವನ್ನು ಅವನ ಮಂತ್ರಿ ತಿರುಮಲಾರ್ಯನೇ ಬರೆದಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಅದರ ಗದ್ಯಶೈಲಿಯ ಮತ್ತು ಕರ್ತೃತ್ವದ ಮಾತೇ ಹೆಚ್ಚು. ಆಳುವ ದೊರೆಯ ಬಾಯಲ್ಲಿ ಪಾರತಂತ್ರ್ಯದ ಮಾತು ಹೇಗೆ ನಿಲ್ಲುತ್ತದೆ, ಅದು ಲೋಕಾಚಾರ್ಯರ ಕಡೆಗೆ ವಾಲುತ್ತದೋ ದೇಶಿಕರ ಕಡೆಗೋ ಎಂಬುದನ್ನು ಶ್ರೀವಚನಭೂಷಣ, ರಹಸ್ಯತ್ರಯಸಾರಗಳನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಓದುವ ಕೆಲಸವನ್ನು ತಮಿಳೂ ಬಲ್ಲ ಕನ್ನಡ ಸಂಶೋಧಕರು ಕೈಗೆತ್ತಿಕೊಳ್ಳಬೇಕು.