ಮುಧೋಳ–ಬೀಳಗಿ ಗುಡ್ಡಗಳ ಹಳೆಯ ನಕಾಶೆ

ಸರ್ವೇ ಆಫ್ ಇಂಡಿಯಾದ ಹಳೆಯ ನಕಾಶೆಗಳಲ್ಲಿ, ಅಂದರೆ ಒಂದು ಮೈಲು ನೆಲವನ್ನು ಒಂದು ಇಂಚಿಗೆ ಇಳಿಸಿದ ಹಾಳೆಗಳಲ್ಲಿ, ಸಮೀರವಾಡಿಯನ್ನು ಹುಡುಕಿ ಫಲವಿಲ್ಲ. ಆ ಹೆಸರು ಬಂದದ್ದು ಸಕ್ಕರೆ ಕಾರ್ಖಾನೆಯ ಜೊತೆಗೆ. ಜಮಖಂಡಿ, ಮುಧೋಳ, ಬೀಳಗಿಗಳೆಲ್ಲ ಬರುವ 47ಪಿ ಎಂಬ ಚೌಕದಲ್ಲಿ ಇನ್ನೂ ಹುಟ್ಟದ ಊರು ಇಲ್ಲವೆಂದು ದೂರುವಂತಿಲ್ಲ. ಕಾಡಿನ ವಿಷಯದಲ್ಲಿ ಮಾತ್ರ ಈ ನಕಾಶೆಗಳ ಸಾಕ್ಷ್ಯವನ್ನು ಅಳೆದು ತೂಗಿ ಒಪ್ಪಬೇಕು. ಮೀಸಲು ಅರಣ್ಯದ ಗೆರೆ ಬಿದ್ದದ್ದು ಗಿಡಗಂಟಿ ನೋಡಿದ್ದಕ್ಕಿಂತ ಹೆಚ್ಚಾಗಿ ಸರಕಾರದ ದಫ್ತರ ನೋಡಿ.

1878ರ ಅರಣ್ಯ ಕಾಯ್ದೆ ಕಾಡನ್ನು ಮೀಸಲು, ರಕ್ಷಿತ, ಗ್ರಾಮಾರಣ್ಯ ಎಂದು ವಿಂಗಡಿಸಿತು. ಅದು ನಡೆಯುತ್ತಿದ್ದುದು ಬ್ರಿಟಿಷ್ ನೆಲದಲ್ಲಿ. ಬೀಳಗಿ ಕಲಾದಗಿ ಜಿಲ್ಲೆಗೆ, 1885ರ ನಂತರ ವಿಜಾಪುರಕ್ಕೆ ಸೇರಿತ್ತು. ಮಗ್ಗುಲಲ್ಲೇ ಮುಧೋಳ ಘೋರ್ಪಡೆಯವರ ಸಂಸ್ಥಾನ. ಒಂದೇ ಬಗೆಯ ಕಲ್ಲುಗುಡ್ಡ, ಒಂದೇ ಜಾಲಿ, ಒಂದೇ ಹುಲ್ಲು; ಒಂದು ಕಡೆ ಮುಂಬೈ ಸರಕಾರದ ಕಾಯ್ದೆ, ಇನ್ನೊಂದು ಕಡೆ ದರಬಾರಿನ ಮರ್ಜಿ. ಹೀಗಿರುವಾಗ ನಕಾಶೆಯ ಗೆರೆಯನ್ನೇ ಕಾಡಿನ ಅಂಚೆಂದು ಓದುವುದು ಹೇಗೆ?

ಸರ್ವೇದಾರನಿಗೆ ರಾಜಕಾರಣದ ಹಂಗೇನು, ಐವತ್ತು ಅಡಿಗೊಂದರಂತೆ ಎಳೆದ ಸಮೋನ್ನತ ರೇಖೆ ಸುಳ್ಳು ಹೇಳೀತೇ ಎಂದು ಯಾರಾದರೂ ಕೇಳಬಹುದು. ಎತ್ತರದ ಮಟ್ಟಿಗೆ ಈ ಮಾತು ಸರಿ. ಗುಡ್ಡದ ಬೆನ್ನು, ಹಳ್ಳದ ತಿರುವು ಇಂದಿಗೂ ಹಾಳೆಗೆ ತಾಳೆಯಾಗುತ್ತವೆ. ಹಸಿರಿಗೆ ಆ ಭರವಸೆ ಸಲ್ಲದು. ಸರ್ವೇ ತಂಡಗಳು ಬಯಲಿಗಿಳಿಯುತ್ತಿದ್ದುದು ಮಳೆಗಾಲ ಕಳೆದ ಮೇಲೆ. ಈ ಸೀಮೆಯ ಹುಲ್ಲು ಬೇಸಿಗೆಯ ಹೊತ್ತಿಗೆ ಒಣಗಿ ನೆಲಕ್ಕಂಟಿರುತ್ತದೆ. ಅಂಥ ಗುಡ್ಡ ಕಾಗದದ ಮೇಲೆ ಬಣ್ಣವಿಲ್ಲದ ಪಾಳುಭೂಮಿಯಾದರೆ ಆಶ್ಚರ್ಯವಿಲ್ಲ. ಕುರಿ ಕಾಯುವವನಿಗೆ ಅದು ಗಾಯರಾಣ, ಚಿಂಕಾರಕ್ಕೆ ಮನೆ. ದೂರದಿಂದಲೇ ವೈರಿಯನ್ನು ಕಂಡು ಓಡುವ ಈ ಪ್ರಾಣಿಗೆ ದಟ್ಟ ಮರಗಳಿಗಿಂತ ತೆರೆದ ಕುರುಚಲೇ ಹಿತ. ಎಲೆಯ ತೇವದಲ್ಲೇ ಎಷ್ಟೋ ದಿನ ನೀರಡಿಕೆ ನೀಗಿಸಿಕೊಳ್ಳುತ್ತದೆ.

ಆ ದಫ್ತರದ ಗೆರೆಯೇ ಕಾಡನ್ನು ಉಳಿಸಿತಲ್ಲ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಒಪ್ಪಬೇಕಾದದ್ದೇ. ಘಟಪ್ರಭೆಯ ಕಾಲುವೆ ನೀರು ಹರಿದಲ್ಲೆಲ್ಲ ಕಬ್ಬು ಎದ್ದು ನಿಂತಿದೆ. ಕಾಯ್ದೆಯ ಆಸರೆಯಿಲ್ಲದ ಹುಲ್ಲುಗಾವಲು ನೇಗಿಲಿಗೆ ತುತ್ತಾಗುವುದು ಸುಲಭ. ಆದರೆ ಗೆರೆ ಕಾಪಾಡಿತು ಎಂದ ಮಾತ್ರಕ್ಕೆ ಅದು ಕಾಡನ್ನು ಸರಿಯಾಗಿ ಗುರುತಿಸಿತ್ತು ಎಂದಾಗುವುದಿಲ್ಲ. ಸಂಸ್ಥಾನಗಳು 1948ರಲ್ಲಿ ವಿಲೀನವಾಗಿ ಆ ಹಳೆಯ ಗಡಿ ಅಳಿಯಿತು. ಮುಂದೆ ಚಿಂಕಾರಗಳಿಗಾಗಿ ಘೋಷಣೆಯಾದ ಯಡಹಳ್ಳಿ ವನ್ಯಜೀವಿಧಾಮದ ಸುಮಾರು 96 ಚದರ ಕಿಲೋಮೀಟರ್ ನೆಲ ಮುಧೋಳ, ಬೀಳಗಿ ಎರಡೂ ತಾಲ್ಲೂಕುಗಳಿಗೆ ಹಬ್ಬಿಕೊಂಡಿದೆ.